ಮಾವನವರ ಮಾವಿನ ಹಣ್ಣಿಗೆ ನಾನು ಕೊಟ್ಟ ಸಾಕ್ಷಿ

ನಾನು ಸುಳ್ಳು ಹೇಳುವವನಲ್ಲ. ಈ ಮಾತನ್ನು ಮೊದಲಿಗೇ ಹೇಳಿಬಿಡುವುದು ಒಳ್ಳೆಯದು. ಕಥೆ ಮುಗಿಯುವ ಹೊತ್ತಿಗೆ ಇದನ್ನು ಹೇಳುವ ಮುಖ ನನಗೆ ಉಳಿದಿರುವುದಿಲ್ಲ.

ತರೀಕೆರೆಯ ಸಬ್ ರಿಜಿಸ್ಟ್ರಾರ್ ಕಚೇರಿಯ ಎದುರು ಹೊಂಗೆ ಮರದಡಿ ಮೇಜು ಹಾಕಿಕೊಂಡು ಇಪ್ಪತ್ತು ವರ್ಷದಿಂದ ಕ್ರಯಪತ್ರ, ಭಾಗಪತ್ರ, ದಾನಪತ್ರಗಳನ್ನು ಬರೆಯುತ್ತ ಬಂದಿದ್ದೇನೆ. ಪ್ರತಿ ಪತ್ರದ ಕೊನೆಗೆ ‘ಬಿಕ್ಕಲಂ ಪಂಚಾಕ್ಷರಪ್ಪ’ ಎಂದು ಬರೆಯುತ್ತೇನೆ. (ಬಿಕ್ಕಲಂ ಎಂದರೆ, ಇದನ್ನು ಬರೆದ ಕೈ ಇಂಥವನದು ಎಂದು. ತಪ್ಪಾದರೆ ಹಿಡಿದುಕೊಳ್ಳಲು ಒಂದು ಕುತ್ತಿಗೆ ಬೇಕಲ್ಲ, ಅದಕ್ಕೆ.) ಆ ಎರಡು ಪದ ಕಂಡರೆ ಸುತ್ತಮುತ್ತಲ ಹಳ್ಳಿಯವರು ಓದಿಸಿಯೂ ನೋಡದೆ ಹೆಬ್ಬೆಟ್ಟು ಒತ್ತುತ್ತಾರೆ. ಅಂಥವನ ಮಾತಿಗೆ ಇವತ್ತು ಸ್ವಂತ ಮನೆಯಲ್ಲಿ ಬೆಲೆಯಿಲ್ಲ. ಅದಕ್ಕೆ ಕಾರಣ ಒಂದು ಬುಟ್ಟಿ ಮಾವಿನ ಹಣ್ಣು.

ನನ್ನ ಮದುವೆಯಾದದ್ದು ಎಪ್ಪತ್ತನೆಯ ಇಸವಿಯ ವೈಶಾಖದಲ್ಲಿ. ಹೆಣ್ಣು, ಕಡೂರು ತಾಲ್ಲೂಕು ಚೌಳಹಿರಿಯೂರಿನ ದೇವೀರಪ್ಪನವರ ಒಬ್ಬಳೇ ಮಗಳು ಮಲ್ಲಿಕಾಂಬ. ಮದುವೆಯಾದ ಹದಿನೈದನೆಯ ದಿನಕ್ಕೆ ಹೊಸ ಅಳಿಯನನ್ನು ಹಣ್ಣಿನ ಊಟಕ್ಕೆ ಕರೆದರು. ಒತ್ತು ಶಾವಿಗೆ, ಅದರ ಮೇಲೆ ಮಾವಿನ ಹಣ್ಣಿನ ಸೀಕರಣೆ. ಪಂಕ್ತಿಯಲ್ಲಿ ನಲವತ್ತು ಜನ ನೆಂಟರು ಕೂತಿದ್ದರು. ಸೀಕರಣೆ ಬರುವುದಕ್ಕೆ ಮುಂಚೆ ಮಾವನವರು ತಮ್ಮ ಕೈಯಾರೆ ಒಂದು ಹಣ್ಣು ಹೆಚ್ಚಿ, ಒಂದು ಹೋಳನ್ನು ನನ್ನ ಎಲೆಗಿಟ್ಟು, “ನಮ್ ಹಿತ್ತಲ ಮರದ್ದು. ತಿಂದು ಹೇಳಿ ಅಳಿಯಂದ್ರೇ, ಹೆಂಗೈತೆ” ಅಂದರು.

ನಾನು ತಿಂದೆ. ನನ್ನ ಎಡಗಣ್ಣು ತನ್ನಷ್ಟಕ್ಕೆ ತಾನೇ ಮುಚ್ಚಿಕೊಂಡಿತು. ಕಿವಿಯ ಹಿಂದೆ ಎಲ್ಲೋ ಒಂದು ನರ ಜಗ್ಗಿತು.

“ಹುಳಿ” ಅಂದೆ.

ಕೇಳಿದರು, ಹೇಳಿದೆ. ಇಪ್ಪತ್ತು ವರ್ಷದ ಕಸುಬಿನವನಿಗೆ (ಆಗ ಎಂಟು ವರ್ಷದ್ದು) ಬೇರೆ ಏನು ಹೇಳಲು ಬರುತ್ತದೆ? ಆದರೆ ನಲವತ್ತು ಜನರ ಕೈ ಎಲೆಯ ಮೇಲೆ ಹಾಗೇ ಉಳಿಯಿತು. ಮಾವನವರು ನನ್ನ ಮುಖವನ್ನೇ ನೋಡಿದರು, ತಮ್ಮ ಎಲೆಯ ಮುಂದಿನಿಂದ ಎದ್ದರು, ಕೈ ತೊಳೆಯದೆ ಹಿತ್ತಲ ಬಾಗಿಲು ದಾಟಿ ಹೋದರು. ಮತ್ತೆ ಬರಲಿಲ್ಲ.

ಇದು ಎಷ್ಟು ದೊಡ್ಡ ಸಂಗತಿ ಎಂಬುದು ನಮ್ಮವರಿಗೆ ಬೇಗ ಅರ್ಥವಾಗುತ್ತದೆ. ಲಿಂಗಪೂಜೆ ಮುಗಿಸಿ ಕೂತ ಮೇಲೆ ಎಲೆಯಲ್ಲಿರುವುದು ಅನ್ನವಲ್ಲ, ಪ್ರಸಾದ. ಒಂದು ಅಗುಳನ್ನೂ ಬಿಡುವಂತಿಲ್ಲ, ಚೆಲ್ಲುವಂತಿಲ್ಲ. ದೇವೀರಪ್ಪನವರಂತೂ ಮನೆಯಲ್ಲಿ ಉಂಡ ತಟ್ಟೆಗೆ ನೀರು ಹಾಕಿ, ಬೆರಳಿನಿಂದ ತೊಳೆದು, ಆ ನೀರನ್ನೂ ಕುಡಿಯುವ ಮನುಷ್ಯ. ಅಂಥವರು ಅರ್ಧ ಊಟ ಬಿಟ್ಟು ಎದ್ದಿದ್ದರು, ನನ್ನ ಒಂದು ಮಾತಿಗೆ.

ತಿರುಗಿ ಬರುವಾಗ ಕಡೂರಿನವರೆಗೂ ಬಸ್ಸಿನಲ್ಲಿ ನನ್ನ ಹೆಂಡತಿ ಕಿಟಕಿಯ ಕಡೆಗೇ ಮುಖ ಮಾಡಿಕೊಂಡಿದ್ದಳು. ಕಡೂರಿನಲ್ಲಿ ಇಳಿದ ಮೇಲೆ ಬಾಯಿಬಿಟ್ಟಳು.

“ಆ ಮರ ನಮ್ಮವ್ವ ನೆಟ್ಟಿದ್ದು. ಎಲ್ಲೋ ತಿಂದ ಹಣ್ಣಿನ ವಾಟೆ ತಂದು, ಪಾತ್ರೆ ತೊಳೆಯೋ ಕಲ್ಲಿನ ಪಕ್ಕ ಹೂತಿದ್ಲಂತೆ. ಅವ್ವ ಹೋಗಿ ಇನ್ನೂ ವರ್ಷ ತುಂಬಿಲ್ಲ.”

“ಇದನ್ನ ಮೊದಲೇ ಹೇಳಬಾರದಾಗಿತ್ತಾ?”

“ಹಣ್ಣು ಕೊಟ್ಟಾಗ ಬಾಯಿ ಮುಚ್ಕೊಂಡು ತಿನ್ನಿ ಅಂತ ಗಂಡಂಗೆ ಯಾರಾದ್ರೂ ಮೊದ್ಲೇ ಹೇಳಿ ಕರ್ಕೊಂಡು ಹೋಗ್ತಾರೇನ್ರೀ?”

ಅದಾದ ಮೇಲೆ ಎಂಟು ವರ್ಷ ದೇವೀರಪ್ಪನವರು ನನ್ನ ಮನೆಯ ಹೊಸಲು ತುಳಿಯಲಿಲ್ಲ. ಹಣ್ಣಿನ ಬುಟ್ಟಿಯೂ ಬರಲಿಲ್ಲ. ಎರಡು ಬಾಣಂತನವೂ ತವರಲ್ಲೇ ಆಯಿತು, ಅವಳ ಅಣ್ಣ ಅತ್ತಿಗೆ ಯಾವ ಕೊರತೆಯನ್ನೂ ಮಾಡಲಿಲ್ಲ. ಎರಡು ಸಲವೂ ತೊಟ್ಟಿಲ ಶಾಸ್ತ್ರಕ್ಕೆ ನಾನು ಮುಂಬಾಗಿಲಿನಿಂದ ಒಳಗೆ ಹೋದೆ, ಮಾವನವರು ಹಿಂಬಾಗಿಲಿನಿಂದ ಹೊಲಕ್ಕೆ ಹೋದರು. ಮಲ್ಲಿಕಾಂಬ ನನ್ನ ಹತ್ತಿರ ಜಗಳವಾಡಲಿಲ್ಲ. (ಈ ವಿಷಯಕ್ಕೆ ಎಂದು ತಿದ್ದಿ ಓದಿಕೊಳ್ಳಬೇಕು.) ಆದರೆ ಮನೆ ಮಾಡಿದ ಹೊಸದರಲ್ಲಿ ಬಡಗಿಯಿಂದ ಹಲಸಿನ ಹಲಗೆಯ ಒಂದು ಮಣೆ ಮಾಡಿಸಿದ್ದಳು, ಅಪ್ಪ ಬಂದಾಗ ಕೂರಲಿ ಅಂತ. ಪ್ರತಿ ಹಬ್ಬಕ್ಕೂ ಅದನ್ನು ತೊಳೆದು ಗೋಡೆಗೆ ಒರಗಿಸುತ್ತಿದ್ದಳು. ಅದರ ಮೇಲೆ ಯಾರೂ ಕೂರುವಂತಿರಲಿಲ್ಲ. ಆ ಮಣೆ ಕಂಡರೆ ನಾನು ಪಕ್ಕದಿಂದ ಸುತ್ತಿಕೊಂಡು ಹೋಗುತ್ತಿದ್ದೆ. ನನ್ನ ಕಾರಣದಿಂದ ಒಬ್ಬ ಮಗಳ ಮನೆಗೆ ತಂದೆ ಬರುತ್ತಿಲ್ಲ ಎಂಬುದು ಸಣ್ಣ ವಿಷಯವಲ್ಲ.

ಎಪ್ಪತ್ತೆಂಟನೆಯ ಇಸವಿ ಮೇ ತಿಂಗಳಲ್ಲಿ ಕಡೂರಿನಿಂದ ಬಂದ ಬಸ್ಸಿನ ಕಂಡಕ್ಟರು ನನ್ನ ಮೇಜಿನ ಪಕ್ಕ ಒಂದು ಬಿದಿರು ಬುಟ್ಟಿ ಇಳಿಸಿ ಹೋದ. ಮೇಲೆ ಹುಲ್ಲು, ಒಳಗೆ ಹಣ್ಣು. ಮಾರನೆಯ ದಿನ ಒಂದು ಕಾರ್ಡು ಬಂತು.

‘ಚಿರಂಜೀವಿ ಸೌಭಾಗ್ಯವತಿ ಮಲ್ಲಿಕಾಂಬಳಿಗೆ ಆಶೀರ್ವಾದ. ಹಣ್ಣು ತಲುಪಿರಬಹುದು. ಭಾನುವಾರ ಮಧ್ಯಾಹ್ನದ ಶಿವಮೊಗ್ಗ ಗಾಡಿಗೆ ಬರುತ್ತೇನೆ. ಊಟ ಅಲ್ಲೇ. ಅಳಿಯಂದಿರ ಹತ್ತಿರ ಒಂದು ಮಾತು ಕೇಳುವುದಿದೆ. ದೇವೀರಪ್ಪ.’

ಅವಳು ಅದನ್ನು ಮೂರು ಸಲ ಓದಿದಳು. ಕಣ್ಣು ಒರೆಸಿಕೊಳ್ಳುವುದು ಬಿಟ್ಟು ಸೆರಗಿನಿಂದ ಕಾರ್ಡನ್ನು ಒರೆಸಿದಳು. ಬುಟ್ಟಿ ಬಿಚ್ಚಿ ಇಪ್ಪತ್ತಮೂರು ಹಣ್ಣು ಎಣಿಸಿ, ಚೆನ್ನಾಗಿ ಬಣ್ಣ ತಿರುಗಿದ್ದ ಒಂದನ್ನು ದೇವರ ಗೂಡಿನಲ್ಲಿಟ್ಟಳು. ಉಳಿದದ್ದನ್ನು ಮತ್ತೆ ಹುಲ್ಲಿನಲ್ಲಿ ಮುಚ್ಚಿದಳು. ಆಮೇಲೆ ನನ್ನ ಕಡೆ ತಿರುಗಿದಳು.

“ನೋಡ್ರೀ. ಅಪ್ಪ ಏನಾದ್ರೂ ಕೇಳಲಿ, ನೀವು ಚೆನ್ನಾಗೈತೆ ಅನ್ನಬೇಕು. ಅಷ್ಟೇ ನಿಮ್ಮ ಕೆಲಸ.”

“ಏನು ಕೇಳ್ತಾರೆ ಅಂತ ಗೊತ್ತಾಗದೆ ಮೊದಲೇ ಉತ್ತರ ಹೇಳೋಕಾಗುತ್ತಾ?”

“ಆಗುತ್ತೆ. ಚೆನ್ನಾಗೈತೆ ಅನ್ನಿ.”

ಈ ಮಾತಿಗೆ ಸಾಕ್ಷಿಗಳಿಲ್ಲ. ಇದ್ದಿದ್ದರೆ ನನ್ನ ಸ್ಥಿತಿ ಇವತ್ತು ಬೇರೆಯೇ ಇರುತ್ತಿತ್ತು.

ಬರೀ ‘ಚೆನ್ನಾಗಿದೆ’ ಎಂದು ಎಂಟು ವರ್ಷದ ಗಾಯವನ್ನು ವಾಸಿ ಮಾಡುವುದು ನನಗೆ ಸಾಲದೆನಿಸಿತು. ನಾನಾಗಿ ಏನಾದರೂ ಮಾಡಬೇಕು, ಅದು ಮಾವನವರ ಮನಸ್ಸಿಗೆ ತಟ್ಟಬೇಕು. ಹಾಗೆ ಯೋಚಿಸುತ್ತ ಬಸ್ ಸ್ಟ್ಯಾಂಡಿನ ಹತ್ತಿರ ಈರಭದ್ರಪ್ಪನ ಹೋಟೆಲಿನಲ್ಲಿ ಕಾಫಿ ಕುಡಿಯುತ್ತಿದ್ದಾಗ, ಕಡೂರಿನ ಯಾವುದೋ ದೊಡ್ಡವರ ಮದುವೆಗೆ ತಾನು ಮಾವಿನ ಹಣ್ಣಿನ ಬಾಸುಂದಿ ಮಾಡಿ ಬೀಗರನ್ನು ಮರುಳು ಮಾಡಿದ ವೃತ್ತಾಂತವನ್ನು ಅವನು ಹೇಳಿದ. ಗಟ್ಟಿ ಹಾಲನ್ನು ಅರ್ಧಕ್ಕೆ ಇಂಗಿಸಬೇಕು, ಹಣ್ಣಿನ ರಸ ಹಾಕಬೇಕು, ಸಕ್ಕರೆ, ಏಲಕ್ಕಿ, ಅಷ್ಟೇ.

“ಅಷ್ಟೇನಾ?”

“ಅಷ್ಟೇ ಸ್ವಾಮಿ. ಕೈ ಬಿಡದೆ ತಿರುವ್ತಾ ಇರಬೇಕು.”

ಅವನು ಹೇಳಿದ್ದನ್ನು ಒಂದು ಕ್ರಯಪತ್ರದ ಕರಡಿನ ಹಿಂದೆ ಬರೆದುಕೊಂಡೆ. ಹಣ್ಣು ಸಿಹಿಯಾಗಿರಬೇಕು ಎಂದು ಅವನು ಹೇಳಲಿಲ್ಲ. ಮಾವಿನ ಹಣ್ಣು ಎಂದರೆ ಸಿಹಿ ಎಂದೇ ಲೋಕದಲ್ಲಿ ರೂಢಿ ಇರುವುದರಿಂದ ನಾನೂ ಕೇಳಲಿಲ್ಲ. ಎಂಟು ವರ್ಷದಲ್ಲಿ ಆ ಒಂದು ಹೋಳಿನ ರುಚಿ ಮರೆತಿತ್ತು, ಅದರಿಂದಾದ ಅನಾಹುತವಷ್ಟೇ ನೆನಪಿತ್ತು.

ಶನಿವಾರ ಸಂಜೆ ಈ ಯೋಜನೆಯನ್ನು ಹೆಂಡತಿಯ ಸನ್ನಿಧಾನದಲ್ಲಿ ಮಂಡಿಸಿದೆ.

“ಬಾಸುಂದಿನೂ ಬೇಡ, ಏನೂ ಬೇಡ. ಸೀಕರಣೆ ಮಾಡ್ತೀನಿ. ಬೆಲ್ಲ, ಕಾಯಿಹಾಲು ಹಾಕಿ, ಅವ್ವ ಮಾಡ್ತಿದ್ದಂಗೆ.”

“ಸೀಕರಣೆ ಊಟದಲ್ಲೇ ಅಲ್ವೇ ಕೆಟ್ಟದ್ದು? ಮತ್ತೆ ಅದನ್ನೇ ಬಡಿಸಿದರೆ ಅವರಿಗೆ ಅವತ್ತಿನದು ನೆನಪಾಗಲ್ವೇ?”

“ನಿಮ್ಮ ಮುಖ ನೋಡಿದ್ರೇ ನೆನಪಾಗುತ್ತೆ. ಅದನ್ನೇನು ಮುಚ್ಚಿಡೋಕಾಗುತ್ತಾ?”

“ನಾನು ಮಾಡ್ತೀನಿ ಅಂತಿರೋದು. ನೀನು ಕೂತಿರು.”

“ನೀವು ನೀರು ಕಾಯೋಕಿಟ್ರೇ ತಳ ಹತ್ತುತ್ತೆ. ನಮ್ಮಪ್ಪ ಎಂಟು ವರ್ಷ ಆದ್ಮೇಲೆ ಬರ್ತಾ ಇದಾರೆ ಕಣ್ರೀ, ದಯವಿಟ್ಟು ಅಡುಗೆಮನೆ ಕಡೆ ತಲೆ ಹಾಕಬೇಡಿ.”

ದಯವಿಟ್ಟು ಎಂಬ ಪದವನ್ನು ಅವಳು ಮದುವೆಯಾದ ಮೇಲೆ ಬಳಸಿದ್ದು ಅದೇ ಮೊದಲು. ನಾನು ಅದಕ್ಕೆ ಬೆಲೆ ಕೊಡಬೇಕಾಗಿತ್ತು.

ಭಾನುವಾರ ಬೆಳಿಗ್ಗೆ ಏಳಕ್ಕೆ ಅವಳು ಶಾವಿಗೆಗೆ ಅಕ್ಕಿ ಬೀಸಿಸಲು ಗಿರಣಿಗೆ ಹೋದಳು. ಮಕ್ಕಳಿಬ್ಬರೂ ಅವಳ ಹಿಂದೆ ಹೋದರು. ಅರ್ಧ ಗಂಟೆಯಲ್ಲಿ ಬರಬೇಕಾದವಳು ಕರೆಂಟು ಹೋದದ್ದರಿಂದ ಮೂರು ಗಂಟೆ ಅಲ್ಲೇ ಕೂರಬೇಕಾಯಿತು. ಇದು ದೈವಸಂಕಲ್ಪ ಎಂದು ನಾನು ತಿಳಿದೆ. ಪಕ್ಕದ ಮನೆಯ ಎಮ್ಮೆಯ ಯಜಮಾನಿ ಅಂಜಿನಮ್ಮನವರಿಂದ ಎರಡು ಸೇರು ಗಟ್ಟಿ ಹಾಲು ತಂದೆ. ಸ್ನಾನ ಮಾಡಿದೆ, ವಿಭೂತಿ ಧರಿಸಿದೆ, ಸ್ಟವ್ ಹಚ್ಚಿದೆ.

ಹಾಲು ಇಂಗುವಷ್ಟರಲ್ಲಿ ಇಪ್ಪತ್ತೆರಡು ಹಣ್ಣನ್ನೂ ಹಿಂಡಿ ಜರಡಿಯಲ್ಲಿ ಸೋಸಿದೆ. ರಸ ನೋಡಲು ಬಂಗಾರದ ಬಣ್ಣಕ್ಕಿತ್ತು. ರುಚಿ ನೋಡಲಿಲ್ಲ. ಇಲ್ಲೇ ನೋಡಿ ನಾನು ಕೆಟ್ಟದ್ದು. ನೈವೇದ್ಯಕ್ಕೆ ಮುಂಚೆ ನಾಲಿಗೆಗೆ ಮುಟ್ಟಿಸಬಾರದು ಎಂದು ನಮ್ಮ ತಾಯಿ ಕಲಿಸಿದ್ದನ್ನು ನಾನು ಜೀವಮಾನದಲ್ಲಿ ಚಾಚೂ ತಪ್ಪದೆ ಪಾಲಿಸಿದ್ದು ಅವತ್ತೊಂದೇ ದಿನ.

ರಸವನ್ನು ಹಾಲಿಗೆ ಸುರಿದೆ. ಹಾಲು ಸ್ವಲ್ಪ ಹೊತ್ತು ಸುಮ್ಮನಿತ್ತು. ಆಮೇಲೆ ಒಂದು ಕಡೆ ನೀರು, ಒಂದು ಕಡೆ ಗಂಟು ಎಂದು ಭಾಗವಾಗತೊಡಗಿತು. ನಾನು ಎಷ್ಟೋ ಅಣ್ಣತಮ್ಮಂದಿರ ಭಾಗಪತ್ರ ಬರೆದಿದ್ದೇನೆ, ಇಷ್ಟು ಬೇಗ ಬೇರೆಯಾದವರನ್ನು ಕಂಡಿರಲಿಲ್ಲ. ಕೈ ಬಿಡದೆ ತಿರುವಿದೆ. ತಿರುವಿದಷ್ಟೂ ಗಂಟು ಗಟ್ಟಿಯಾಯಿತು.

ಹಿತ್ತಲ ಗೋಡೆಯ ಮೇಲಿಂದ ಅಂಜಿನಮ್ಮನವರನ್ನು ಕರೆದೆ.

“ಅಂಜಿನಮ್ಮನೋರೇ, ನಿಮ್ಮ ಹಾಲು ಒಡೆದುಹೋಯ್ತಲ್ಲ.”

“ಈಗಿನ್ನೂ ಕರೆದ ಹಾಲು, ಹೆಂಗೆ ಒಡೀತದೆ? ಅದಕ್ಕೇನು ಹಾಕಿದ್ರಿ?”

“ಮಾವಿನ ಹಣ್ಣು.”

“ಹಂಗಾರೆ ಹಣ್ಣು ಹುಳಿ ಕಣಪ್ಪಾ.”

“ಮೆತ್ತಗೆ ಮಾತಾಡಿ” ಅಂದು ಒಳಗೆ ಬಂದು ಕಿಟಕಿ ಹಾಕಿದೆ. ಎಂಟು ವರ್ಷದ ಹಿಂದೆ ಆಡಿದ ಮಾತಿಗೆ ಈಗ ಪಾತ್ರೆಯ ತುಂಬ ಪುರಾವೆ ಸಿಕ್ಕಿತ್ತು. ಅದನ್ನು ಹುಟ್ಟಿಸಿದವನು ನಾನೇ. ಇನ್ನೆರಡು ಗಂಟೆಯಲ್ಲಿ ಮಾವನವರು ಬರುತ್ತಾರೆ, ಒಡೆದ ಹಾಲು ನೋಡುತ್ತಾರೆ, ಹಣ್ಣಿನ ಹುಳಿಯನ್ನು ಮತ್ತೆ ಎತ್ತಿ ತೋರಿಸಲು ಈ ಅಳಿಯ ಬೇಕೆಂದೇ ಹೀಗೆ ಮಾಡಿದ್ದಾನೆ ಎಂದುಕೊಳ್ಳುತ್ತಾರೆ. ಎದ್ದು ಹೋದರೆ ಈ ಸಲ ಮತ್ತೆ ಬರುವುದಿಲ್ಲ. ವಯಸ್ಸು ಎಪ್ಪತ್ತಾಗಿದೆ. ಆ ಮಣೆ ಗೋಡೆಗೇ ಉಳಿಯುತ್ತದೆ.

ಹುಳಿಯನ್ನು ಕೊಲ್ಲಬೇಕು ಎಂದು ತೀರ್ಮಾನಿಸಿದೆ.

ಮೊದಲು ಅಡುಗೆ ಸೋಡಾ ಹಾಕಿದೆ. (ಹೊಟ್ಟೆಯ ಹುಳಿಗೆ ಡಾಕ್ಟರು ಅದನ್ನೇ ತಾನೇ ಕೊಡುವುದು.) ಪಾತ್ರೆಯಲ್ಲಿದ್ದದ್ದು ಎದ್ದು ನಿಂತಿತು, ಅಂಚು ದಾಟಿ ಸ್ಟವ್ ಮೇಲೆ ಇಳಿಯಿತು, ಬೆಂಕಿ ಆರಿತು. ಒರೆಸಿ, ದೊಡ್ಡ ಬಾಣಲೆಗೆ ವರ್ಗಾಯಿಸಿ ಮತ್ತೆ ಹಚ್ಚಿದೆ. ಸೊಸೈಟಿಯಿಂದ ತಂದ ತಿಂಗಳ ಸಕ್ಕರೆಯನ್ನೆಲ್ಲ ಸುರಿದೆ. ನೀರು ಬಿಟ್ಟುಕೊಂಡಿತು. ನೀರು ಹೀರಲೆಂದು ರವೆ ಹಾಕಿದೆ. ತಳ ಹಿಡಿಯಿತು. ತಳ ಬಿಡಲೆಂದು ತುಪ್ಪ ಹಾಕಿದೆ. ಹೀಗೆ ಒಂದರ ತಪ್ಪನ್ನು ಇನ್ನೊಂದರಿಂದ ತಿದ್ದುತ್ತ ಹೋದಂತೆ ಬಾಣಲೆ ತುಂಬುತ್ತ ಬಂತು. ಕೊನೆಗೆ ಮೊಗಚುವ ಕೈ ನೆಟ್ಟಗೆ ನಿಂತಿತು, ಎತ್ತಿದರೆ ಬಾಣಲೆಯೂ ಜೊತೆಗೆ ಎದ್ದಿತು. ಬಾಸುಂದಿಯಾಗಿ ಹುಟ್ಟಬೇಕಾಗಿದ್ದದ್ದಕ್ಕೆ ನಾನು ಹಲ್ವ ಎಂದು ನಾಮಕರಣ ಮಾಡಿದೆ. ಮಾವಿನ ಬಣ್ಣ ಹೋಗಿ ಇಟ್ಟಿಗೆಯ ಬಣ್ಣ ಬಂದಿತ್ತು, ಘಮ ಪೂರ್ತಿ ಏಲಕ್ಕಿಯದು. ಹುಳಿ ಇರಲು ಅದರಲ್ಲಿ ಜಾಗವೇ ಇರಲಿಲ್ಲ.

ಮಲ್ಲಿಕಾಂಬ ಹಿಟ್ಟಿನ ಡಬ್ಬ ಹಿಡಿದುಕೊಂಡು ಬಾಗಿಲಲ್ಲಿ ನಿಂತಳು. ಸ್ಟವ್ ನೋಡಿದಳು, ನೆಲ ನೋಡಿದಳು, ಖಾಲಿ ಬುಟ್ಟಿ ನೋಡಿದಳು.

“ಹಣ್ಣು?”

“ಇದರಲ್ಲೇ ಇವೆ.”

“ಎಲ್ಲಾನೂ?”

“ಅಷ್ಟೂ ಬೇಕಾಯ್ತು.”

ಅವಳು ಬೈಯಲಿಲ್ಲ. ಬೈದಿದ್ದರೆ ನಾನು ಸಮಾಧಾನವಾಗಿರುತ್ತಿದ್ದೆ. ಹಿಟ್ಟಿನ ಡಬ್ಬ ಕೆಳಗಿಟ್ಟು, ಒಲೆಯ ಮುಂದೆ ಕೂತು, “ಅವ್ವನ ಹಣ್ಣು ಕಣ್ರೀ” ಅಂದಳು, ಅಷ್ಟೇ. ಆಮೇಲೆ ಎದ್ದು ನೆಲ ಒರೆಸಿದಳು, ಸ್ಟವ್ ತೊಳೆದಳು, ಶಾವಿಗೆ ಒತ್ತಿದಳು. ಮಾವಿನ ಹಣ್ಣಿಲ್ಲದೆ ಬರೀ ಕಾಯಿಹಾಲು ಬೆಲ್ಲ ಕಲಸಿಟ್ಟಳು.

ದೇವೀರಪ್ಪನವರು ಸರಿಯಾದ ಸಮಯಕ್ಕೆ ಬಂದರು. ಬಿಳಿ ಪಂಚೆ, ಬಿಳಿ ಅಂಗಿ, ಹೆಗಲ ಮೇಲೆ ಟವಲು, ಕೈಯಲ್ಲಿ ಕೊಡೆ. ಎಂಟು ವರ್ಷದಲ್ಲಿ ಬೆನ್ನು ಸ್ವಲ್ಪ ಬಾಗಿತ್ತು. ಮಲ್ಲಿಕಾಂಬ ಕಾಲಿಗೆ ನೀರು ಕೊಟ್ಟು ನಮಸ್ಕಾರ ಮಾಡಿ ಏಳಲೇ ಇಲ್ಲ, ಅವರೇ ತೋಳು ಹಿಡಿದು ಎಬ್ಬಿಸಿದರು. ನಾನೂ ನಮಸ್ಕಾರ ಮಾಡಿದೆ. “ಚೆನ್ನಾಗಿದೀರಾ ಅಳಿಯಂದ್ರೇ” ಅಂದರು. ಅವಳು ಮಣೆ ಹಾಕಿದಳು. ಅವರು ಅದರ ಮೇಲೆ ಕೂತು, ಹಲಗೆಯನ್ನು ಕೈಯಿಂದ ಸವರಿ, “ಹಲಸು” ಅಂದರು. ಮೊಮ್ಮಕ್ಕಳು ತೊಡೆಯೇರಿದರು. ಇಷ್ಟಕ್ಕೇ ನಿಲ್ಲಿಸಿ ಕಾಫಿ ಕೊಟ್ಟು ಕಳಿಸಿಬಿಡುವ ಹಾಗಿದ್ದಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು.

ಅವರು ಸ್ನಾನ ಮಾಡಿ ಲಿಂಗಪೂಜೆಗೆ ಕೂತರು. ನೈವೇದ್ಯಕ್ಕೆಂದು ಮಲ್ಲಿಕಾಂಬ ಒಂದು ಬಟ್ಟಲಲ್ಲಿ ಶಾವಿಗೆ ತಂದಿಟ್ಟಳು. ನನಗೆ ಅದು ಸಾಲದೆನಿಸಿತು. ನನ್ನ ಶ್ರದ್ಧೆ ಎಷ್ಟೆಂದು ಮಾವನವರಿಗೆ ತಿಳಿಯಲಿ ಎಂದು ಇಡೀ ಬಾಣಲೆಯನ್ನು ಎರಡೂ ಕೈಯಲ್ಲಿ ಎತ್ತಿ ತಂದು ಅವರ ಮುಂದಿಟ್ಟೆ. ಬಾಗಿಲಲ್ಲಿ ನಿಂತಿದ್ದ ಹೆಂಡತಿ ಬೇಡ ಬೇಡ ಎಂದು ಕೈಸನ್ನೆ ಮಾಡುತ್ತಿದ್ದದ್ದನ್ನು ನಾನು, ಇನ್ನೂ ಸ್ವಲ್ಪ ಹತ್ತಿರ ಇಡಿ ಎಂದು ಅರ್ಥ ಮಾಡಿಕೊಂಡೆ. ಅವರು ಬಾಣಲೆ ನೋಡಿ, ನನ್ನನ್ನು ನೋಡಿ, ಅರ್ಪಿಸಿದರು.

ಊಟಕ್ಕೆ ಕೂತೆವು. ತಟ್ಟೆಯಲ್ಲಿ ಶಾವಿಗೆಯ ಪಕ್ಕ ಹಲ್ವ. ಅದನ್ನು ಮಲ್ಲಿಕಾಂಬ ಸೌಟಿನಲ್ಲಿ ಬಡಿಸಲಾರದೆ ಚಾಕುವಿನಲ್ಲಿ ಕೊಯ್ದಿದ್ದಳು. ಮಾವನವರು ಒಂದು ತುಂಡು ಬಾಯಿಗಿಟ್ಟುಕೊಂಡರು. ಬಹಳ ಹೊತ್ತು ಅಗಿದರು.

“ಇದೇನು?”

“ತಮ್ಮ ಹಣ್ಣಿಂದೇ ಮಾವ. ನಾನೇ ಕೈಯಾರೆ ಮಾಡಿದ್ದು.”

“ನೀವು?” ಅಂದು ಮತ್ತೆ ಅಗಿದರು. ನುಂಗಿ, ನೀರು ಕುಡಿದು, ನನ್ನ ಕಡೆ ತಿರುಗಿ ಕೂತರು. “ಅಳಿಯಂದ್ರೇ. ಕಾರ್ಡಲ್ಲಿ ಬರ್ದಿದ್ನಲ್ಲ, ಒಂದು ಮಾತು ಕೇಳೋದೈತೆ ಅಂತ. ಎಂಟು ವರ್ಷದ ಹಿಂದೆ ಕೇಳಿದ್ದೇ. ನಮ್ಮ ಮರದ ಹಣ್ಣು ಹೆಂಗೈತೆ? ಯೋಚ್ನೆ ಮಾಡಿ ಹೇಳಿ.”

ಅಡುಗೆಮನೆಯ ಬಾಗಿಲಲ್ಲಿ ನನ್ನ ಹೆಂಡತಿ ಸೆರಗಿನ ತುದಿಯನ್ನು ಎರಡು ಕೈಯಲ್ಲೂ ಹಿಡಿದು ನಿಂತಿದ್ದಳು. ನಾನು ಯೋಚನೆ ಮಾಡಲಿಲ್ಲ.

“ಜೇನು ಮಾವ” ಅಂದೆ.

“ಹೌದಾ?”

“ಜೇನುತುಪ್ಪ. ಹದಿನಾರು ವರ್ಷದಿಂದ ಈ ಊರಲ್ಲಿದ್ದೀನಿ, ಇಂಥ ಹಣ್ಣು ಬಾಯಿಗೆ ಬಿದ್ದಿಲ್ಲ. ಆವತ್ತು ನನ್ನ ನಾಲಿಗೆ ಕೆಟ್ಟಿತ್ತು. ಜ್ವರ ಬಂದು ಬಿಟ್ಟಿತ್ತು, ಔಷಧದ ಕಹಿ. ಹುಳಿ ಅಂದದ್ದು ನನ್ನ ತಪ್ಪು. ಯಾರ ಬಲವಂತವೂ ಇಲ್ಲದೆ, ಸ್ವಸಂತೋಷದಿಂದ, ಪೂರ್ಣ ತಿಳಿವಳಿಕೆಯಿಂದ ಹೇಳ್ತಾ ಇದ್ದೀನಿ, ಈ ಹಣ್ಣಿನಲ್ಲಿ ಹುಳಿ ಅನ್ನೋದು ಲವಲೇಶವೂ ಇಲ್ಲ.”

(ಕೊನೆಯ ವಾಕ್ಯ ಕ್ರಯಪತ್ರದ್ದು. ಸಂಕಟದಲ್ಲಿ ಮನುಷ್ಯನಿಗೆ ಬರುವುದು ತಾನು ಕಲಿತ ಮಾತೇ.)

ಮಾವನವರ ಮುಖ ಇಳಿಯಿತು. ಅವರಿಗೆ ಮನಸ್ಸು ತುಂಬಿ ಬಂದಿದೆ ಎಂದು ತಿಳಿದು ನಾನು ಮತ್ತೆ ಎರಡು ಸಲ ಜೇನು ಅಂದೆ.

“ಹಂಗಾ” ಅಂದರು. ತಟ್ಟೆಯಲ್ಲಿದ್ದದ್ದನ್ನು ನಿಧಾನವಾಗಿ, ಒಂದು ಚೂರೂ ಉಳಿಸದೆ ಉಂಡರು. ಹಲ್ವದ ಕಡೆಯ ತುಂಡಿಗೆ ಎರಡು ಲೋಟ ನೀರು ಹಿಡಿಯಿತು. ತಟ್ಟೆಗೆ ನೀರು ಹಾಕಿ, ಬೆರಳಿನಿಂದ ತೊಳೆದು, ಕುಡಿದರು. ಕೈ ಒರೆಸಿಕೊಂಡು ಗೋಡೆಗೆ ಒರಗಿದರು.

“ಒಂದ್ ವಿಷ್ಯ ಹೇಳ್ತೀನಿ. ಮಲ್ಲಮ್ಮ, ನೀನೂ ಬಾ, ಕೂತ್ಕೋ. ನಿಂಗೂ ಗೊತ್ತಿಲ್ಲ ಇದು.

“ಆ ಮರ ಫಲ ಕೊಟ್ಟ ಮೊದಲ್ನೇ ವರ್ಷ ಒಂದೇ ಕಾಯಿ ಬಿಟ್ಟಿತ್ತು. ಹಣ್ಣಾದಾಗ ನಿಮ್ಮವ್ವಂಗೆ ಕೊಟ್ಟೆ. ಒಂದು ಹೋಳು ತಿಂದ್ಲು, ಒಂದು ಕಣ್ಣು ಮುಚ್ಚಿದ್ಲು, ‘ಹುಳಿ ಕಣ್ರೀ’ ಅಂದ್ಲು. ಮುಂದಿನ ವರ್ಷ ಸಿಹಿ ಆಯ್ತದೆ ಬಿಡು ಅಂದೆ. ಅದೇ ನಡ್ಕೊಂಡು ಬಂತು. ಪ್ರತಿ ವರ್ಷ ಮೊದಲ್ನೇ ಹಣ್ಣು ನೀವೆಲ್ಲ ಏಳೋಕೆ ಮುಂಚೆ ಹಿತ್ತಲಲ್ಲಿ ಹೆಚ್ಚಿ ಕೊಡ್ತಿದ್ದೆ. ಅವಳು ಹುಳಿ ಅನ್ನೋಳು. ನಾನು ಮುಂದಿನ ವರ್ಷ ಅನ್ನೋನು. ಇಪ್ಪತ್ತು ವರ್ಷ. ಆಮೇಲೆ ಬೆಲ್ಲ ಹಾಕಿ ಸೀಕರಣೆ ಮಾಡಿ ನಿಮಗೆಲ್ಲ ಬಡಿಸೋಳು, ಹೊರಗಿನವರ ಮುಂದೆ ಸಕ್ಕರೆಯಂಥ ಹಣ್ಣು ಅನ್ನೋಳು.

“ಅವಳು ಹೋದ ಮೇಲೆ ಆ ವರ್ಷದ ಮೊದಲ್ನೇ ಹಣ್ಣು ಯಾರಿಗೆ ಕೊಡೋದು ಅಂತ ತಿಳೀಲಿಲ್ಲ. ಹೊಸಾ ಅಳಿಯಂದ್ರು ಅಂತ ನಿಮಗೆ ಕೊಟ್ಟೆ. ನೀವು ಒಂದು ಕಣ್ಣು ಮುಚ್ಚಿದ್ರಿ, ಹುಳಿ ಅಂದ್ರಿ.”

ಅವರು ಟವಲಿನಿಂದ ಮುಖ ಒರೆಸಿಕೊಂಡರು.

“ಅವಳು ಅಂದಂಗೇ ಆಯ್ತು ನಂಗೆ. ಅಲ್ಲೇ ಕೂತಿದ್ರೆ ಅಷ್ಟು ಜನದ ಮುಂದೆ ಅತ್ತುಬಿಡ್ತಿದ್ದೆ. ಎದ್ದು ಹೋದೆ. ಪ್ರಸಾದ ಬಿಟ್ಟು ಎದ್ದೆ, ಅಳಿಯಂದ್ರಿಗೆ ಅವಮಾನ ಮಾಡಿದೆ ಅಂತ ಆಮೇಲೆ ನಾಚ್ಕೆ ಆಯ್ತು. ಯಾವ ಮುಖ ಇಟ್ಕೊಂಡು ಬರೋದು ಅಂತ ವರ್ಷ ವರ್ಷ ತಳ್ದೆ. ಊರಲ್ಲಿ ಯಾರಿಗೆ ಹಣ್ಣು ಕೊಟ್ರೂ ಸಕ್ಕರೆ ಅಂತಾರೆ. ಸೊಸೆ ಕಲ್ಲುಸಕ್ಕರೆ ಅಂತಾಳೆ. ಮನೆ ಯಜಮಾನ ನಾನು, ನಿಜ ಯಾರು ಹೇಳ್ತಾರೆ? ನಿಜ ಹೇಳೋನು ಇಡೀ ಸೀಮೆಗೆ ನಮ್ ಅಳಿಯ ಒಬ್ಬ ಅಂತಿದ್ದೆ. ಈ ವರ್ಷ ಮೈ ಹುಷಾರಿರಲಿಲ್ಲ. ಇನ್ನೊಂದು ಸಲ ಕೇಳ್ಬಿಡಾಣ ಅಂತ ಬಂದೆ.”

ನಾನು ತಲೆ ಎತ್ತಲಿಲ್ಲ. ಎರಡು ಸೇರು ಹಾಲು, ತಿಂಗಳ ಸಕ್ಕರೆ, ಅರ್ಧ ಡಬ್ಬ ತುಪ್ಪ ಸುರಿದು ನಾನು ಕೊಂದದ್ದು ಆ ಮುದುಕ ಕಡೂರು ದಾಟಿ ಹುಡುಕಿಕೊಂಡು ಬಂದಿದ್ದ ಅದೇ ಹುಳಿಯನ್ನು. ಉಳಿದಿದ್ದ ಒಂದು ಮಾತನ್ನೂ ನನ್ನ ನಾಲಿಗೆ ತಿಂದುಹಾಕಿತ್ತು. ನನಗೆ ನಿಜವಾಗಿಯೂ ಅಳು ಬಂತು.

ಮಲ್ಲಿಕಾಂಬ ಎದ್ದಳು. ದೇವರ ಗೂಡಿನಿಂದ ಆ ಒಂದು ಹಣ್ಣನ್ನು ತಂದಳು. ಅಪ್ಪನ ಮುಂದೆ ಕೂತು ಚಾಕು ಅವರ ಕೈಗೇ ಕೊಟ್ಟಳು. ಅವರು ಹೆಚ್ಚಿದರು, ಒಂದು ಹೋಳು ಮಗಳಿಗೆ ಕೊಟ್ಟರು. ಅವಳು ತಿಂದಳು. ಅವಳ ಎಡಗಣ್ಣು ಮುಚ್ಚಿಕೊಂಡಿತು.

“ಹುಳಿ ಕಣಪ್ಪ” ಅಂದಳು.

ಮಾವನವರು ಅವಳ ಮುಖವನ್ನೇ ನೋಡುತ್ತ ಕೂತರು. ಆಮೇಲೆ, “ಮುಂದಿನ ವರ್ಷ ಸಿಹಿ ಆಯ್ತದೆ ಬಿಡು” ಅಂದರು. ತಂದೆ ಮಗಳಿಬ್ಬರೂ ಅಳುತ್ತಿದ್ದರು, ನಗುತ್ತಲೂ ಇದ್ದರು. ಒಂದು ಹೋಳು ನನಗೂ ಬಂತು. ತಿಂದೆ, ಕಣ್ಣು ಮುಚ್ಚಿತು.

“ಹುಳಿ ಮಾವ. ವಿಪರೀತ ಹುಳಿ” ಅಂದೆ.

“ಈಗ ಹೇಳಿ ಏನು ಬಂತಪ್ಪಾ” ಅಂದರು. ಬಹುವಚನ ಅಲ್ಲಿಗೆ ಹೋಯಿತು.

“ಅಪ್ಪ ಬಂದಾಗ ಚೆನ್ನಾಗೈತೆ ಅನ್ನಿ ಅಂತ ಹೇಳಿದ್ದು ಇವಳೇ ಮಾವ.”

“ನಾನು ಯಾವಾಗ ಹೇಳ್ದೆ?” ಅಂದಳು ಮಲ್ಲಿಕಾಂಬ, ಇನ್ನೂ ಕಣ್ಣು ಒರೆಸಿಕೊಳ್ಳುತ್ತ. “ಚೆನ್ನಾಗೈತೆ ಅನ್ನಿ ಅಂದಿದ್ರೂ ಜೇನು ಅನ್ನಿ ಅಂದಿದ್ನಾ? ಜ್ವರ ಬಂದಿತ್ತು ಅನ್ನಿ ಅಂದಿದ್ನಾ?”

ಸಂಜೆಯ ಗಾಡಿಗೆ ಹೊರಡುವಾಗ ಮಾವನವರು ಅಡುಗೆಮನೆಗೆ ಇಣುಕಿ ಬಾಣಲೆ ನೋಡಿದರು. ಮುಕ್ಕಾಲು ಭಾಗ ಹಾಗೇ ಇತ್ತು. “ಅಷ್ಟನ್ನೂ ಪೂಜೆಗೆ ಇಟ್ಟಿದ್ದೀಯ. ಪ್ರಸಾದ ಕಣಪ್ಪಾ, ಕೆಡಿಸಬೇಡ” ಅಂದರು. ಮಕ್ಕಳಿಗೆ ಕೆಮ್ಮು ಎಂದು ಮಲ್ಲಿಕಾಂಬ ತಕ್ಷಣ ತೀರ್ಮಾನಿಸಿದಳು. ತನಗೆ ಹಲ್ಲುನೋವು ಎಂದಳು. ಅಂಜಿನಮ್ಮನವರಿಗೆ ಒಂದು ಬಟ್ಟಲು ಕೊಡಲು ಹೋದರೆ, ನಮ್ಮ ಎಮ್ಮೆಯ ಹಾಲಿಗೆ ಆದ ಗತಿ ನೋಡಲಾರೆ ಎಂದು ಬಾಗಿಲು ಹಾಕಿಕೊಂಡರು. ಹನ್ನೊಂದು ದಿನ, ದಿನಕ್ಕೆ ಎರಡು ಹೊತ್ತು, ಚಾಕುವಿನಿಂದ ಕೊಯ್ದು ನಾನೊಬ್ಬನೇ ತಿಂದೆ. ತಟ್ಟೆ ತೊಳೆದ ನೀರನ್ನೂ ಕುಡಿದೆ.

ಮರುವರ್ಷ ಬುಟ್ಟಿ ಬಂತು. ಜೊತೆಗೆ ಜವಾಬಿನ ಕಾರ್ಡೂ ಬಂತು, ‘ಹಣ್ಣು ಹೇಗಿದೆ, ತಿಳಿಸುವುದು’ ಎಂದು. ನಾನು ಮೇಜಿನ ಮುಂದೆ ಕೂತು, ಒಂದು ಹೋಳು ತಿಂದು, ನನ್ನ ಅತ್ಯುತ್ತಮ ಅಕ್ಷರದಲ್ಲಿ ಉತ್ತರ ಬರೆದೆ.

‘ಈ ಮೂಲಕ ಬರೆದುಕೊಡುವುದೇನೆಂದರೆ, ತಾವು ಕಳಿಸಿದ ಹಣ್ಣು ಹುಳಿಯಾಗಿದೆ. ಯಾರ ಬಲವಂತವೂ ಇಲ್ಲದೆ ಬರೆದಿದ್ದೇನೆ. ಬಿಕ್ಕಲಂ ಪಂಚಾಕ್ಷರಪ್ಪ.’

ನಾಲ್ಕನೆಯ ದಿನಕ್ಕೆ ಅದೇ ಕಾರ್ಡನ್ನು ಲಕೋಟೆಯಲ್ಲಿಟ್ಟು ವಾಪಸು ಕಳಿಸಿದ್ದರು. ಜೊತೆಗೊಂದು ಚೀಟಿ. ‘ಕಾರ್ಡು ತಲುಪಿತು. ಮಗಳ ರುಜು ಇಲ್ಲ. ಹಾಕಿಸಿ ಕಳಿಸುವುದು.’

ಕಾರ್ಡು ಹಿಡಿದುಕೊಂಡು ಅಡುಗೆಮನೆಗೆ ಹೋದೆ. ಅವಳು ನನ್ನ ಬರಹವನ್ನು ಪೂರ್ತಿ ಓದಿದಳು. ಆದರೂ ಬುಟ್ಟಿಯಿಂದ ಒಂದು ಹಣ್ಣು ತೆಗೆದು, ಹೆಚ್ಚಿ, ತಾನೇ ತಿಂದು ನೋಡಿದಳು. ಕಣ್ಣು ಮುಚ್ಚಿತು. ಕೈ ಒರೆಸಿಕೊಂಡು, ನನ್ನ ಬಿಕ್ಕಲಂ ಕೆಳಗೆ ‘ನಿಜ. ಮಲ್ಲಿಕಾಂಬ’ ಎಂದು ರುಜು ಹಾಕಿದಳು. ಇಪ್ಪತ್ತು ವರ್ಷದಲ್ಲಿ ಸಾಕ್ಷಿ ಇಲ್ಲದೆ ತಿರಸ್ಕೃತವಾದ ನನ್ನ ಪತ್ರ ಅದೊಂದೇ. ಈಗ ನಾಲ್ಕು ವರ್ಷದಿಂದ ಹೀಗೇ ನಡೆದುಬಂದಿದೆ.